ಕಿತ್ತ ಬೆಳೆ, ಕದ್ದ ಪುಟ

ಜನವರಿ ೨, ಗುರುವಾರ

ಕನ್ನಡ ಮೇಡಂ ಇಂದು ತರಗತಿಗೆ ಬಂದು ಹೊಸ ವರ್ಷದ ಶುಭಾಶಯ ಹೇಳಿದರು. ಅದೇ ಉಸಿರಿನಲ್ಲಿ ಹೊಸ ವರ್ಷವನ್ನು ಕೆಡಿಸಿದರು. ಸೋಮವಾರ ಎಲ್ಲರ ‘ಓದು ದಾಖಲೆ’ ಅವರ ಮೇಜಿನ ಮೇಲಿರಬೇಕಂತೆ. ಐದು ಪುಸ್ತಕ, ಒಂದೊಂದಕ್ಕೆ ಎರಡು ಪುಟ ಅನಿಸಿಕೆ. ದಾಖಲೆ ಒಪ್ಪಿಗೆಯಾಗದಿದ್ದರೆ ಆಂತರಿಕ ಅಂಕ ಸೊನ್ನೆ. ಅದು ಸೊನ್ನೆಯಾದರೆ ಕನ್ನಡ ಪರೀಕ್ಷೆಗೆ ಕೂಡಿಸುವುದಿಲ್ಲ. ನವೆಂಬರಿನಲ್ಲೇ ಹೇಳಿದ್ದರು, ನಿಜ. ನವೆಂಬರಿನಲ್ಲಿ ಹೇಳಿದ್ದನ್ನು ಜನವರಿಯಲ್ಲಿ ಕೇಳುವುದು ಯಾವ ನ್ಯಾಯ?

ನಾಲ್ಕು ಪುಸ್ತಕ ಮುಗಿಸಿದ್ದೇನೆ. ಓದಿ ಮುಗಿಸಿದ್ದೇನೆ ಎಂದಲ್ಲ, ಅವುಗಳೊಂದಿಗಿನ ಸಂಬಂಧ ಮುಗಿಸಿದ್ದೇನೆ. ತಾಳ್ಮೆಯ ಮೇಲಿನ ಪ್ರಬಂಧಗಳಲ್ಲಿ ಹದಿನಾರನೇ ಪುಟಕ್ಕೆ ನನ್ನ ತಾಳ್ಮೆ ಮುಗಿಯಿತು, ಲೇಖಕರದು ಮುಗಿಯಲಿಲ್ಲ. ಪ್ರವಾಸ ಕಥನದವರು ಹನ್ನೊಂದು ದೇಶ ಸುತ್ತಿ ಹನ್ನೊಂದರಲ್ಲೂ ಉಪ್ಪಿಟ್ಟು ಹುಡುಕಿದ್ದಾರೆ. ನಾಟಕದ ರಾಜ ಸಾಯುವುದಕ್ಕೆ ಐದು ಅಂಕ ತೆಗೆದುಕೊಂಡಿದ್ದಾನೆ. ಅವನ ಬಗ್ಗೆ ಬರೆದ ನನಗೆ ಅಷ್ಟು ಅಂಕವೂ ಸಿಗುವ ಭರವಸೆ ಇಲ್ಲ. ಜೀವನ ಚರಿತ್ರೆಯ ಮಹನೀಯರು ತೊಟ್ಟಿಲಲ್ಲಿದ್ದಾಗಲೇ ಮಹನೀಯರಾಗಿದ್ದರು, ಆಮೇಲೆ ಮಾಡಲು ಅವರಿಗೆ ಕೆಲಸವೇ ಉಳಿದಿರಲಿಲ್ಲ.

ಐದನೆಯದು ಕಾದಂಬರಿ. ‘ಮೂರು ಮಡಿ ಗದ್ದೆ’. ಮುನ್ನೂರ ಹನ್ನೆರಡು ಪುಟ. ಲೈಬ್ರರಿಯ ಒಂದೇ ಪ್ರತಿ ಸಿಮ್ರಾನಳ ಹತ್ತಿರ ಡಿಸೆಂಬರಿನಿಂದ ಬೀಡುಬಿಟ್ಟಿದೆ. ಪಿಯುಸಿಯಿಂದ ಈ ಡಿಗ್ರಿ ಕೊನೆಯ ವರ್ಷದವರೆಗೆ ನಾನು, ಅವಳು ಒಂದೇ ಬೆಂಚು. ತನ್ನೂರು ಅಸೂಟಿಯಿಂದ ಬಸ್ಸಿಗೆ ಬರುತ್ತಾಳೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಓದುತ್ತಾಳೆ, ಸಿಗದಿದ್ದರೂ ಓದುತ್ತಾಳೆ. ಇಂಥವರಿಂದಲೇ ನನ್ನಂಥವರಿಗೆ ಕೆಟ್ಟ ಹೆಸರು.

ಜನವರಿ ೪, ಶನಿವಾರ

ಸಿಮ್ರಾನ ಪುಸ್ತಕ ಕೊಟ್ಟಳು. ಇಪ್ಪತ್ತಮೂರು ಪುಟ ಓದಿದೆ. ಇಪ್ಪತ್ತಮೂರರಲ್ಲೂ ನೀರು. ಗದ್ದೆಯಲ್ಲಿ ನೀರು, ಅಂಗಳದಲ್ಲಿ ನೀರು, ನಾಯಕಿ ದೇವಕಿಯ ಕಣ್ಣಲ್ಲಿ ನೀರು. ನಮ್ಮ ರೋಣದಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ. ಈ ಪುಸ್ತಕ ನಮ್ಮ ಓಣಿಯಲ್ಲಿ ಓದಲು ಯೋಗ್ಯವಲ್ಲ. ಫೋನ್ ಮಾಡಿ ಹೇಳಿದೆ.

“ಸಿಮ್ಮೂ, ಇದು ನನ್ನಿಂದ ಆಗೂದಿಲ್ಲವಾ. ನಿನ್ನ ನೋಟುಬುಕ್ಕ ಕೊಡ.”

“ಯಾಕ, ನಿನಗೇನ ಕಣ್ಣ ಇಲ್ಲೇನ?”

“ಕಣ್ಣ ಅದಾವ. ತೆರದ ಇರವಲ್ಲವು.”

ನಕ್ಕಳು. ಸಂಜೆ ಸಂತೆಗೆ ಬಂದ ಅವಳ ಅಪ್ಪನ ಕೈಯಲ್ಲಿ ನೋಟುಬುಕ್ಕು ಕಳಿಸಿದಳು. ಮೊದಲ ಪುಟಕ್ಕೆ ಚೀಟಿ ಅಂಟಿಸಿದ್ದಳು: ‘ನೋಡಿಕೊಂಡು ಬರಿ. ನೋಡಿ ಬರಿಬ್ಯಾಡ.’

ಜನವರಿ ೫, ಭಾನುವಾರ

ನೋಡಿ ಬರೆದೆ.

ಹಾಗೆಂದು ಪೂರ್ತಿ ಕಳ್ಳತನವೇನಲ್ಲ. ಅವಳು ‘ಸಂತೋಷ’ ಎಂದಲ್ಲಿ ನಾನು ‘ಹರ್ಷ’ ಎಂದೆ, ‘ಕಷ್ಟ’ಕ್ಕೆ ‘ಸಂಕಷ್ಟ’ ಎಂದು ಒಂದಕ್ಷರ ನನ್ನ ಕಡೆಯಿಂದಲೇ ಹಾಕಿದೆ. ದೇವಕಿ ಗಂಡನನ್ನು ಕಳೆದುಕೊಂಡವಳು. ಗಂಡನ ಅಣ್ಣತಮ್ಮಂದಿರ ಪಾಲಿನಲ್ಲಿ ಅವಳಿಗೆ ಮೂರು ಮಡಿ, ಅಂದರೆ ಮೂರು ತುಂಡು, ಗದ್ದೆ ಕೊಡಲು ಎಲ್ಲರಿಗೂ ಹೊಟ್ಟೆನೋವು. ಕೊನೆಗೆ ಆ ಗದ್ದೆ ಸಿಗುತ್ತದೆ, ಅವಳು ಬೆಳೆಯನ್ನು ಬೇರುಸಹಿತ ಕಿತ್ತು, ಕಟ್ಟು ಕಟ್ಟಿ, ಹರ್ಷದಿಂದ ಮನೆಗೆ ತರುತ್ತಾಳೆ. ಪಟ್ಟ ಪಾಡು ಫಲಿಸಿತು. ಮುನ್ನೂರ ಹನ್ನೆರಡು ಪುಟದ ನೀರನ್ನು ಎರಡು ಪುಟಕ್ಕೆ ಬತ್ತಿಸಿದ ಸಿಮ್ರಾನಳಿಗೆ ಶರಣು.

ಅಪ್ಪನದು ತಹಶೀಲ ಕಚೇರಿಯ ಎದುರು ಝೆರಾಕ್ಸ್ ಅಂಗಡಿ. ಮೂಲಪ್ರತಿಗಿಂತ ನಕಲು ಸ್ವಚ್ಛವಾಗಿ ಬರಬೇಕು ಎಂಬುದು ಮನೆತನದ ಧರ್ಮ. ಅಕ್ಷರ ದುಂಡಗೆ ಬಂದಿವೆ.

ಜನವರಿ ೬, ಸೋಮವಾರ

ಅವಳದನ್ನು ಅವಳಿಗೆ ಮರಳಿಸಿ, ನನ್ನದನ್ನು ಒಪ್ಪಿಸಿದೆ. ಪುಸ್ತಕಗಳಿಗೂ ನನಗೂ ಇನ್ನು ಋಣವಿಲ್ಲ.

ಜನವರಿ ೧೬, ಗುರುವಾರ

ಮೇಡಂ ನಮ್ಮಿಬ್ಬರನ್ನೇ ಸ್ಟಾಫ್ ರೂಮಿಗೆ ಕರೆದರು. ಎರಡು ನೋಟುಬುಕ್ಕು ಮೇಜಿನ ಮೇಲೆ ಅವಳಿ ಮಕ್ಕಳಂತೆ ಮಲಗಿದ್ದವು.

ಮೇಡಂ ಕರಾವಳಿಯ ಕಡೆಯವರು. ರೋಣಕ್ಕೆ ಬಂದು ಆರು ತಿಂಗಳಾಗಿದೆ, ಇನ್ನೂ ನಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಯೇ ಮಾತಾಡುತ್ತಾರೆ. “ಸುಗ್ಗಿಯಲ್ಲಿ ಭತ್ತವನ್ನು ಯಾರಾದರೂ ಕೀಳ್ತಾರಾ?” ಎಂದರು. “ಕತ್ತಿಯಲ್ಲಿ ಕೊಯ್ತಾರೆ. ನಮ್ಮೂರಲ್ಲಿ ಇದನ್ನು ಓದಿದರೆ ಬಿದ್ದು ಬಿದ್ದು ನಗ್ತಾರೆ. ಆದರೆ ನಾನು ವಿಚಾರಿಸಿದೆ. ನಿಮ್ಮ ಕಡೆ ಜೋಳವನ್ನು ಕಿತ್ತೇ ತೆಗೆಯೋದಂತೆ. ಅಂದರೆ ಇದು ಜೋಳ ಕೀಳೋ ಮನೆಯ ಹುಡುಗಿ ಮಾತ್ರ ಮಾಡಬಹುದಾದ ತಪ್ಪು. ಪುಸ್ತಕ ಓದಿ, ತನ್ನ ಹೊಲವನ್ನೇ ಕಣ್ಮುಂದೆ ತಂದುಕೊಂಡು ಮಾಡಿದ ತಪ್ಪು. ನನಗೆ ಬಹಳ ಇಷ್ಟವಾಯ್ತು. ಪ್ರಶ್ನೆ ಏನಂದ್ರೆ, ಒಂದೇ ತಪ್ಪು ಎರಡು ನೋಟುಬುಕ್ಕಿನಲ್ಲಿ ಹೇಗೆ?”

ನಾನು ಬಾಯಿ ತೆರೆಯಬೇಕೆಂದುಕೊಂಡೆ. ತೆರೆಯುವಷ್ಟರಲ್ಲಿ ಅವರೇ ಉತ್ತರವನ್ನೂ ಕೊಟ್ಟರು.

“ಮಹೇಶ್ವರಿ ಮೇಟಿ. ಮೇಟಿ ಅಂದ್ರೆ ಕಣದ ನಡುಗಂಬ, ಒಕ್ಕಲುತನದ ಮನೆತನ. ಸಿಮ್ರಾನ ನದಾಫ. ನಿಮ್ಮದು ಹತ್ತಿ ಹಿಂಜೋದು, ಗಾದಿ ವ್ಯಾಪಾರ ಅಲ್ವಾ? ನಿನಗೆ ಜೋಳ ಕೀಳೋದು ಎಲ್ಲಿಂದ ಗೊತ್ತಾಗಬೇಕಮ್ಮ?”

ನಮ್ಮ ಮನೆಯಲ್ಲಿ ಜೋಳ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಅಸೂಟಿಯಲ್ಲಿ ಎಂಟು ಎಕರೆ ಎರೆಹೊಲ ಇರುವುದು ಸಿಮ್ರಾನಳ ಅಪ್ಪ ಲಾಡಸಾಬನಿಗೆ. ಅವಳು ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ, ಆದರೂ ನೋಡಿದೆ.

ಅವಳ ದಾಖಲೆ ತಿರಸ್ಕೃತ. ಫೆಬ್ರುವರಿ ಒಂದಕ್ಕೆ ಅಂಕ ಕಳಿಸುತ್ತಾರೆ. ಅವಳ ಹೆಸರಿನ ಮುಂದೆ ಸೊನ್ನೆ ಹೋಗುತ್ತದೆ, ಕನ್ನಡ ಪತ್ರಿಕೆಗೆ ಮುಂದಿನ ವರ್ಷವೇ ಕೂಡಬೇಕು. ನನ್ನನ್ನು ಫೆಬ್ರುವರಿ ಎಂಟಕ್ಕೆ ನರಗುಂದಕ್ಕೆ ಕಳಿಸುತ್ತಾರೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಕಾಲೇಜುಗಳ ಓದು ಸ್ಪರ್ಧೆ. ಹತ್ತು ನಿಮಿಷ ‘ಮೂರು ಮಡಿ ಗದ್ದೆ’ಯ ಮೇಲೆ ಮಾತಾಡಬೇಕು.

ಸಿಮ್ರಾನಳಿಗೂ ಬಾಯಿ ಇದೆ. ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲವನ್ನೂ ನನ್ನ ಮೇಲೆ ಬಿಟ್ಟರೆ ನಾನೇನು ಮಾಡಲಿ?

ಜನವರಿ ೧೭, ಶುಕ್ರವಾರ

ಅವಳು ಮುಂದಿನ ಬೆಂಚಿಗೆ ಹೋಗಿ ಕೂತಿದ್ದಾಳೆ. ಕೂರಲಿ. ಅಲ್ಲಿ ಬಿಸಿಲು ಬೀಳುತ್ತದೆ.

ಜನವರಿ ೧೯, ಭಾನುವಾರ

ಮೇಡಂ ತಮ್ಮ ಸ್ವಂತ ಪ್ರತಿಯನ್ನೇ ಕೊಟ್ಟಿದ್ದಾರೆ. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ‘ಆಹಾ’ ಎಂದು ಬರೆದಿದ್ದಾರೆ. ಮೊದಲ ಅರವತ್ತು ಪುಟದಲ್ಲಿ ಹದಿನಾಲ್ಕು ಆಹಾಗಳಿವೆ. ನನಗೆ ಬಂದದ್ದು ಹದಿನಾಲ್ಕು ಆಕಳಿಕೆ.

ಅಂಗಡಿಯಲ್ಲಿ ಕೂತು ಓದುತ್ತಿದ್ದೆ. ಅಪ್ಪ ಯಾರದೋ ಆಧಾರ್ ಕಾರ್ಡು ಯಂತ್ರದೊಳಗೆ ಮಲಗಿಸುತ್ತಿದ್ದ.

“ಅಪ್ಪಾ, ಜ್ವಾಳ ಹ್ಯಾಂಗ ಕೀಳತಾರ?”

“ಕೈಲೆ.”

“ಅದು ಗೊತ್ತೈತಿ. ಹ್ಯಾಂಗ?”

“ನನ್ನೇನ ಕೇಳ್ತಿಯವಾ, ನಾ ಕಿತ್ತದ್ದು ಬರೇ ಈ ಮಷೀನ್ಯಾಗ ಸಿಗೂ ಹಾಳಿ. ನಿಮ್ಮಜ್ಜ ಹೊಲ ಮಾರಿದಾಗ ನಾ ಸಾಲ್ಯಾಗ ಆರನೇತ್ತೆ ಇದ್ದೆ.” ಕಾರ್ಡನ್ನು ಮಗುಚಿ ಹಾಕಿ, “ನರಗುಂದಕ್ಕ ನಾನೂ ಬರ್ತೀನಿ. ಈ ಝೆರಾಕ್ಸ್ ಕಳಕಪ್ಪನ ಮಗಳು ಪುಸ್ತಕದ ಮ್ಯಾಲೆ ಭಾಷಣ ಮಾಡ್ತಾಳಂತ ಎಲ್ಲಾರಿಗೂ ಹೇಳೇನಿ,” ಎಂದ. ಎದುರಿಗಿದ್ದ ಗಿರಾಕಿಗೂ ಹೇಳಿದ. ಆ ಮನುಷ್ಯನಿಗೆ ಅವಸರವಿತ್ತು, ಆದರೂ ಹೇಳಿದ.

ಎಲ್ಲರಿಗೂ ನನ್ನನ್ನು ಹೊಗಳುವ ಹುಚ್ಚು ಹಿಡಿದಿದೆ. ಸಾಕಾಗಿದೆ.

ಜನವರಿ ೨೨, ಬುಧವಾರ

ಪುಟ ೧೫೧. ಈ ಕಾದಂಬರಿಕಾರರ ಮೇಲೆ ನನ್ನ ಮೊದಲ ಗಂಭೀರ ತಕರಾರು.

ಒಂದು ಬೆಳಿಗ್ಗೆ ಗದ್ದೆಯ ಬದು ಒಡೆದು ನೆರೆಯವರ ಪಾಲಿನ ನೀರೆಲ್ಲ ಹರಿದುಹೋಗಿದೆ. ಒಡೆದವಳು ದೇವಕಿಯ ಓರಗಿತ್ತಿ. ಬೈಸಿಕೊಂಡವಳು ದೇವಕಿ. ಹತ್ತು ಜನರ ನಡುವೆ ದೇವಕಿ ಸುಮ್ಮನೆ ನಿಂತಿದ್ದಾಳೆ. ಓರಗಿತ್ತಿ ‘ಕೈಬಳೆ ಸರಿಪಡಿಸಿಕೊಳ್ಳುತ್ತಿದ್ದಳು’. ಅಷ್ಟೇ! ಮುನ್ನೂರು ಪುಟ ನೀರಿನ ಬಗ್ಗೆ ಬರೆಯಲು ಕಾಗದವಿದ್ದ ಮನುಷ್ಯನಿಗೆ ಓರಗಿತ್ತಿಯ ಬಗ್ಗೆ ಬರೆಯಲು ಒಂದು ಸಾಲೇ? ಅವಳಿಗೂ ಹೇಳಬೇಕೆನ್ನಿಸಿರಬಹುದು. ಎಲ್ಲರೂ ಅಷ್ಟು ಬೇಗ ತೀರ್ಮಾನ ಮಾಡಿ ಮುಗಿಸಿದರೆ ನಡುವೆ ಮಾತು ತೂರಿಸುವುದಾದರೂ ಎಲ್ಲಿ?

ಇದರ ಪಕ್ಕದಲ್ಲಿ ಮೇಡಂ ಪೆನ್ಸಿಲಿನಲ್ಲಿ ಬರೆದದ್ದು ‘ನೀಚೆ’.

ಪುಸ್ತಕ ಮುಚ್ಚಿದೆ. ತಲೆ ನೋಯುತ್ತಿದೆ.

ಜನವರಿ ೨೫, ಶನಿವಾರ

ಮುಗಿಯಿತು. ಕೊನೆಯ ನಲವತ್ತು ಪುಟ ಒಂದೇ ಸಲಕ್ಕೆ ಓದಿದೆ. ಬೇಗ ಮುಗಿಸಿ ಪಾರಾಗುವ ಉದ್ದೇಶ, ಬೇರೇನಲ್ಲ. ಅವ್ವ ರೇಣವ್ವ ಮೂರು ಸಲ ಊಟಕ್ಕೆ ಕರೆದಳಂತೆ, ನನಗೆ ಒಂದೂ ಕೇಳಿಸಲಿಲ್ಲ.

ಮತ್ತು ನಮ್ಮ ಅನಿಸಿಕೆ ಪೂರ್ತಿ ತಲೆಕೆಳಗು! ಕೊನೆಯಲ್ಲಿ ಸುಗ್ಗಿಯೇ ಇಲ್ಲ. ಆ ಕಡೆಯವರು ಮೊದಲು ಒಂದು ಸಣ್ಣ ಮಡಿಯಲ್ಲಿ ಭತ್ತದ ಸಸಿ ಬೆಳೆಸುತ್ತಾರೆ. ಗೇಣುದ್ದ ಆದಮೇಲೆ ಕಿತ್ತು, ಕಟ್ಟು ಕಟ್ಟಿ, ಬೇರೆ ಗದ್ದೆಗೆ ಒಯ್ದು ನೆಡುತ್ತಾರೆ. ದೇವಕಿ ಕೊನೆಯ ಪುಟದಲ್ಲಿ ಕಿತ್ತದ್ದು ಸಸಿಯನ್ನು. ಮನೆಗೆ ಏನೂ ಬಂದಿಲ್ಲ. ನಿಜವಾದ ಕೆಲಸ ಅಲ್ಲಿಂದ ಶುರು, ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಕಿತ್ತು ಕಟ್ಟು ಕಟ್ಟಿದಳೆಂದು ಓದಿದ ತಕ್ಷಣ ಸಿಮ್ರಾನ ಸುಗ್ಗಿ ಎಂದುಕೊಂಡಿದ್ದಾಳೆ. ಅವಳ ಹೊಲದಲ್ಲಿ ಕಿತ್ತದ್ದು ಮನೆಗೇ ಬರುತ್ತದೆ. ಮುನ್ನೂರು ಪುಟ ಓದಿ ಅವಳು ಮಾಡಿದ ತಪ್ಪು ಅವಳದೇ, ಇನ್ನೊಬ್ಬರಿಗೆ ಬರಲು ಸಾಧ್ಯವೇ ಇಲ್ಲ. ನಾನು ಅದನ್ನು ‘ಹರ್ಷದಿಂದ’ ಎಂದು ಸೇರಿಸಿ ಬರೆದುಕೊಂಡೆ.

ನಾಳೆ ಅಸೂಟಿಗೆ ಹೋಗಬೇಕು. ಭಾಷಣಕ್ಕೆ ಜೋಳ ಕೀಳುವುದನ್ನು ಒಮ್ಮೆ ಕಣ್ಣಿಂದ ನೋಡಿದರೆ ಒಳ್ಳೆಯದು. ಅಷ್ಟಕ್ಕೇ.

ಜನವರಿ ೨೬, ಭಾನುವಾರ

ಧ್ವಜವಂದನೆ ಮುಗಿಸಿಕೊಂಡು ಹತ್ತರ ಬಸ್ಸಿಗೆ ಹೋದೆ. ಮನೆಗೆ ಬೀಗ. ಹೊಲಕ್ಕೆ ಹೋಗಿದ್ದಾರೆಂದು ಪಕ್ಕದ ಮನೆಯವರು ಕೈ ತೋರಿಸಿದರು. ಅವರು ತೋರಿಸಿದ ಕೈಗೂ ಹೊಲಕ್ಕೂ ನಡುವೆ ಎರಡು ಕಿಲೋಮೀಟರು ಎಂದು ಕೈ ಹೇಳಲಿಲ್ಲ.

ಲಾಡಸಾಬ ಕಾಕಾ ದೂರದಿಂದಲೇ ಗುರುತು ಹಿಡಿದರು. “ಏ, ಮಹೇಶಿ ಬಂದ್ಲ! ಬಾರವಾ, ಆಳ ಸಿಗವಲ್ದಾಗಿದ್ವು, ದೇವರ ಕಳಿಸ್ಯಾನ ನಿನ್ನ.”

ಸಿಮ್ರಾನ ಸಾಲಿನ ನಡುವೆ ಇದ್ದಳು. ತಲೆಗೆ ಅಪ್ಪನ ಹಳೆಯ ಟವೆಲ್ಲು. ಒಮ್ಮೆ ನೋಡಿದಳು. ಮತ್ತೆ ಬಗ್ಗಿದಳು.

“ನೋಡಾಕ ಬಂದೇನ್ರಿ ಕಾಕಾ,” ಎಂದೆ.

“ನೋಡಾಕ ಇದೇನ ಸಿನಿಮಾ ಐತೇನ? ಹಿಡಿ ಆ ಸಾಲ.”

ಹಿಡಿದೆ. ಎರಡು ದಂಟು ಒಟ್ಟಿಗೆ ಬುಡದಲ್ಲಿ ಹಿಡಿದು, ಸ್ವಲ್ಪ ತಿರುವಿ, ಮೈಭಾರ ಹಿಂದಕ್ಕೆ ಹಾಕಿ ಎಳೆಯಬೇಕು. ಬೇರಿಗೆ ಅಂಟಿದ ಮಣ್ಣಿನ ಹೆಂಟೆಯನ್ನು ಕಾಲಿಗೆ ಬಡಿದು ಉದುರಿಸಬೇಕು. ಮೊದಲ ದಂಟು ಎಳೆದಾಗ ದಂಟು ಅಲ್ಲೇ ಇತ್ತು, ನಾನು ನೆಲದ ಮೇಲೆ ಕೂತಿದ್ದೆ. ಕಾಕಾನ ಹೆಂಡತಿ ಕಮರುನ್ನಿಸಾ ಚಾಚಿ ಸೆರಗು ಬಾಯಿಗೆ ಹಿಡಿದು ನಕ್ಕರು. ಸಿಮ್ರಾನ ನಗಲಿಲ್ಲ. ಪಕ್ಕದ ಸಾಲಿನಲ್ಲಿ ಚರಕ್, ಚರಕ್ ಎಂದು ಕಿತ್ತುಕೊಂಡು ಮುಂದೆ ಹೋದಳು. ನನ್ನ ಮೂವತ್ತು ದಂಟಿಗೆ ಅವಳು ಸಾಲೇ ಮುಗಿಸಿದಳು.

ಮಧ್ಯಾಹ್ನ ಬನ್ನಿಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಬದನೆಯ ಎಣಗಾಯಿ, ಮೊಸರು. ರೊಟ್ಟಿ ಮುರಿಯಲು ಹೋದರೆ ಅಂಗೈ ಉರಿಯುತ್ತಿತ್ತು. ಎರಡೂ ಕೈಗೆ ಬೊಬ್ಬೆ ಎದ್ದಿದ್ದವು.

“ಆ ಗದ್ದಿ ಪುಸ್ತಕ ನೀನೂ ಓದಿದಿಯೇನವಾ?” ಕಾಕಾ ಕೇಳಿದರು. “ಈಕಿ ದಿನಾ ಸಂಜಿಮುಂದ ನಮಗೆಲ್ಲಾ ಓದಿ ಹೇಳಿದ್ಲು. ನನಗ ಆ ದೇವಕಿ ಮ್ಯಾಲೆ ಭಾಳ ಸಿಟ್ಟ ಬಂದಿತ್ತು, ಬಾಯಿ ಇಲ್ಲೇನ ಈ ಹೆಣ್ಣಮಗಳಿಗೆ ಅಂತ.”

“ಬಾಯಿ ಇರತೈತಿ,” ಎಂದರು ಚಾಚಿ. “ಕೇಳಾವ್ರ ಇರಬೇಕಲ್ಲ.”

“ಹೋಗ್ಲಿ, ಕೊನೀಕ ಬೆಳಿ ಮನಿಗೆ ಬಂತಲ್ಲ, ಚಲೋ ಆತು.” ಕಾಕಾ ನೀರು ಕುಡಿದು ಮಗಳ ಕಡೆ ತಿರುಗಿದರು. “ಅದನ್ನ ಬರದ ಕೊಟ್ಟಿದ್ದೆಲಾ, ಮೇಡಮ್ಮಾರು ಏನಂದ್ರ?”

ಸಿಮ್ರಾನ ರೊಟ್ಟಿಯ ಚೂರನ್ನು ಎಣಗಾಯಿಗೆ ಅದ್ದಿ ನಿಧಾನವಾಗಿ ತಿಂದಳು.

“ಇನ್ನೂ ನೋಡಿಲ್ಲಪ್ಪಾ ಅವ್ರು.”

ಮನೆಯಲ್ಲಿ ಹೇಳೇ ಇಲ್ಲ ಅವಳು. ಹತ್ತು ದಿನ ಆಯಿತು.

ಬಸ್ಸಿನಲ್ಲಿ ಸೀಟು ಇತ್ತು. ಕೂತೆ. ಕೈ ಮುಷ್ಟಿ ಮಾಡಲೂ ಆಗುತ್ತಿಲ್ಲ, ಬಿಚ್ಚಿ ಇಡಲೂ ಆಗುತ್ತಿಲ್ಲ. ಪೆನ್ನು ಎರಡು ಬೆರಳಲ್ಲಿ ಹಿಡಿದು ಇಷ್ಟು ಬರೆಯಲು ಒಂದು ತಾಸು ಹಿಡಿಯಿತು.

ಜನವರಿ ೨೮, ಮಂಗಳವಾರ

ಮೇಡಂಗೆ ಹೇಳಿದೆ. “ಮೇಡಂ, ಕಾಪಿ ಹೊಡೆದವಳು ನಾನು. ಸಿಮ್ರಾನಳ ನೋಟುಬುಕ್ಕು ನೋಡಿ ಬರೆದೆ. ನಾನು ಆಗ ಕಾದಂಬರಿ ಓದಿರಲೇ ಇಲ್ಲ.”

ಮನುಷ್ಯಳೊಬ್ಬಳು ಎರಡು ದಿನ ಅಭ್ಯಾಸ ಮಾಡಿ ತಪ್ಪೊಪ್ಪಿಕೊಂಡರೆ ಒಂದು ಬೈಗುಳವನ್ನಾದರೂ ನಿರೀಕ್ಷಿಸುತ್ತಾಳೆ. ಮೇಡಂ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

“ಗೆಳತಿಗೋಸ್ಕರ ಇಷ್ಟೆಲ್ಲಾ ಮಾಡಬೇಡಮ್ಮ. ನಿನ್ನ ಮನಸ್ಸು ದೊಡ್ಡದು.”

“ಇಲ್ರೀ ಮೇಡಂ, ಮನಸ್ಸು ದೊಡ್ಡದಲ್ರೀ! ನಾನು ಕದ್ದೀನ್ರೀ!”

“ಓದಿರಲಿಲ್ಲ ಅಂತೀಯ. ಸರಿ, ಓರಗಿತ್ತಿ ಬದು ಒಡೆಯೋದು ಯಾಕೆ?”

ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಆ ಓರಗಿತ್ತಿಯ ವಿಷಯದಲ್ಲಿ ನನಗೆ ಹೇಳುವುದು ಬಹಳ ಇತ್ತು. ಅವಳಿಗೂ ಪಾಲು ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ, ಬೈಸಿಕೊಂಡವಳ ಮುಖ ನೋಡಲಾಗದೆ ಬಳೆ ನೋಡಿಕೊಂಡದ್ದು, ಲೇಖಕರು ಅವಳಿಗೆ ಒಂದೇ ಸಾಲು ಕೊಟ್ಟದ್ದು ತಪ್ಪು ಎಂಬುದು, ಎಲ್ಲವನ್ನೂ ಕಾಲು ಗಂಟೆ ಹೇಳಿದೆ. ಮೇಡಂ ಕಣ್ಣೊರೆಸಿಕೊಂಡರು. “ಇದನ್ನು ಓದದೆ ಹೇಳೋಕ್ಕೆ ಸಾಧ್ಯವಾ? ನರಗುಂದದಲ್ಲಿ ಹೀಗೇ ಮಾತಾಡು.”

ಕೈ ಬೀಸಿ ಅಲ್ಲ, ಅಲ್ಲ ಎಂದೆ. ಬೊಬ್ಬೆ ಅವರ ಕಣ್ಣಿಗೆ ಬಿದ್ದವು. “ನೋಡು, ಹೊಲದಲ್ಲಿ ದುಡಿಯೋ ಕೈ. ಇದಕ್ಕಿಂತ ಸಾಕ್ಷಿ ಬೇಕಾ?” ಎಂದರು.

ಪುಸ್ತಕ ಓದದೆ ಓದಿದವಳೆನ್ನಿಸಿಕೊಂಡೆ, ಈಗ ಓದಿಯೂ ಓದಿರಲಿಲ್ಲವೆಂದು ನಂಬಿಸಲು ಆಗುತ್ತಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಅದನ್ನೂ ಒಳ್ಳೆಯ ಗುಣವೆಂದೇ ತಿಳಿಯುತ್ತಾರೆ. ಫೆಬ್ರುವರಿ ಒಂದಕ್ಕೆ ಮೂರೇ ದಿನ ಉಳಿದಿವೆ.

ಜನವರಿ ೩೦, ಗುರುವಾರ

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಸಿಮ್ರಾನ ಇಳಿದ ಕೂಡಲೇ ಅವಳ ಬ್ಯಾಗು ಹಿಡಿದು ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವಳು ಬ್ಯಾಗಿನ ಹಿಂದೆ ಬಂದಳು, ನನ್ನ ಹಿಂದೆ ಅಲ್ಲ.

ಸ್ಟಾಫ್ ರೂಮಿನಲ್ಲಿ ನನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟೆ. “ಮೇಡಂ, ಬೊಬ್ಬೆ ಬರುವುದು ಎಂದೂ ಕೀಳದವರ ಕೈಗೆ. ಇವು ಹೋದ ಭಾನುವಾರದವು. ಇವಳ ಹೊಲದಲ್ಲೇ ಬಂದವು. ಈಗ ಇವಳ ಕೈ ನೋಡ್ರಿ.”

ಸಿಮ್ರಾನ ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡೇ ನಿಂತಿದ್ದಳು. ತೆಗೆಯಲಿಲ್ಲ. ಮೇಡಂ, “ತೋರಿಸಮ್ಮ,” ಎಂದರು. ತೋರಿಸಿದಳು. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡು ಕಟ್ಟಿತ್ತು. ಬಲಗೈ ಹೆಬ್ಬೆರಳ ಪಕ್ಕ ಹಳೆಯ ಗೆರೆಯೊಂದು, ಒಳಗೆ ಎರೆಮಣ್ಣು ಕೂತು ಕಪ್ಪಾಗಿತ್ತು. ಐದು ವರ್ಷ ಒಂದೇ ಬೆಂಚಿನಲ್ಲಿ ಕೂತು ನಾನೇ ಆ ಕೈ ನೋಡಿರಲಿಲ್ಲ.

ಮೇಡಂ ಎರಡೂ ನೋಟುಬುಕ್ಕುಗಳನ್ನು ಮುಂದಕ್ಕೆಳೆದುಕೊಂಡು ಆ ಪುಟಗಳನ್ನು ಮತ್ತೆ ತೆರೆದರು. ಆಮೇಲೆ, “ಆವತ್ತೇ ಯಾಕೆ ಹೇಳಲಿಲ್ಲ ನೀನು?” ಎಂದರು. ದನಿ ಸಣ್ಣಗಿತ್ತು.

“ನೀವು ಕೇಳಲಿಲ್ರಿ ಮೇಡಂ,” ಎಂದಳು ಸಿಮ್ರಾನ. “ನೀವು ಹೇಳಿದ್ರಿ.”

ನಂತರ ನನ್ನ ಕಡೆ ನೋಡದೆಯೇ, “ಹೇಳಬೇಕಾದಾಕಿ ಬಾಜೂಕ ನಿಂತಿದ್ಲು,” ಎಂದಳು.

ಜನವರಿ ೩೧, ಶುಕ್ರವಾರ

ಮೇಡಂ ಸಿಮ್ರಾನಳ ಕ್ಷಮೆ ಕೇಳಿದರು. ಸ್ಟಾಫ್ ರೂಮಿನಲ್ಲಿ ಎಲ್ಲ ಮಾಸ್ತರರ ಮುಂದೆ, ಎದ್ದು ನಿಂತು. ಅವಳ ದಾಖಲೆಗೆ ಸಹಿ ಬಿತ್ತು. ನನ್ನದಕ್ಕೆ ಅಡ್ಡಗೆರೆ ಬಿತ್ತು. ಕನ್ನಡ ಪತ್ರಿಕೆ ನನಗೆ ಮುಂದಿನ ವರ್ಷ.

ಅಪ್ಪನಿಗೆ ಹೇಳಿದೆ. ಯಂತ್ರ ನಿಲ್ಲಿಸಿದ. “ನರಗುಂದದ ಭಾಷಣ?” ಎಂದ. “ಸಿಮ್ರಾನ ಮಾಡ್ತಾಳ,” ಎಂದೆ. ಕಾಗದದ ಅಂಚು ಸರಿ ಮಾಡಿ, “ಹೇಳಿದವರಿಗೆಲ್ಲಾ ಮತ್ತ ಹೇಳಬೇಕಲ್ಲವಾ ಈಗ,” ಎಂದ. ಬೈದಿದ್ದರೆ ಚೆನ್ನಾಗಿತ್ತು. ಈ ಊರಿನಲ್ಲಿ ಬೈಗುಳಕ್ಕೂ ಬರ.

ಫೆಬ್ರುವರಿ ೫, ಬುಧವಾರ

ಸಿಮ್ರಾನ ಮುಂದಿನ ಬೆಂಚಿನಲ್ಲೇ ಇದ್ದಾಳೆ. ನನ್ನ ಬೆಂಚಿನಲ್ಲಿ ಈಗ ಕೈಕಾಲು ಚಾಚಲು ಬೇಕಾದಷ್ಟು ಜಾಗ. ಯಾರಿಗೆ ಬೇಕಿತ್ತು ಈ ಜಾಗ?

ಲೈಬ್ರರಿಯಿಂದ ಆ ನಾಟಕ ಮತ್ತೆ ತಂದೆ. ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ, ದಾಖಲೆಯೇ ಹೋಯಿತಲ್ಲ. ಆ ರಾಜ ಐದು ಅಂಕ ತೆಗೆದುಕೊಂಡು ಯಾಕೆ ಸಾಯುತ್ತಾನೆಂದು ನೋಡಬೇಕಿತ್ತು. ಮೂರನೆಯ ಅಂಕದಲ್ಲಿ ಮಂತ್ರಿಗೆ ಒಂದು ಮಾತು ಹೇಳಬೇಕೆಂದು ಬರುತ್ತಾನೆ, ಹೇಳದೆ ಹೋಗುತ್ತಾನೆ. ಮೂರ್ಖ. ಹೇಳಿದ್ದರೆ ಮೂರಕ್ಕೇ ಮುಗಿಯುತ್ತಿತ್ತು.

ಫೆಬ್ರುವರಿ ೮, ಶನಿವಾರ

ನರಗುಂದಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಮೂರೂ ಕಡೆಯ ಕಾಲೇಜುಗಳವರು ತುಂಬಿದ್ದರು. ಗಜೇಂದ್ರಗಡದ ಹುಡುಗಿಯೊಬ್ಬಳು ಎಷ್ಟು ಸೊಗಸಾಗಿ ಮಾತಾಡಿದಳೆಂದರೆ ಯಾವ ಪುಸ್ತಕದ ಬಗ್ಗೆ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಸಿಮ್ರಾನಳ ಕೈಯಲ್ಲಿ ಚೀಟಿ ಇರಲಿಲ್ಲ. ನಿಂತವಳೇ, “ನಾನು ಈ ಪುಸ್ತಕವನ್ನು ತಪ್ಪು ಓದಿದೆ,” ಎಂದಳು. ಸಭೆ ನಕ್ಕಿತು. ನಗು ಮುಗಿಯುವವರೆಗೆ ಕಾದಳು.

“ನಮ್ಮ ಹೊಲದಲ್ಲಿ ಕಿತ್ತರೆ ಮುಗಿಯಿತು. ವರ್ಷದ ದುಡಿತ ಮನೆಗೆ ಬಂತು ಎಂದು ಅರ್ಥ. ಅದಕ್ಕೇ ದೇವಕಿ ಕೀಳುವುದನ್ನು ಓದಿ ನನಗೆ ಸಂತೋಷವಾಯಿತು. ನಮ್ಮ ಅಪ್ಪನಿಗೂ ಆಯಿತು. ಆಮೇಲೆ ಮೇಡಂ ಹೇಳಿದರು, ಅಲ್ಲಿ ಕೀಳುವುದು ಇನ್ನೊಂದು ಕಡೆ ನೆಡುವುದಕ್ಕೆ ಎಂದು. ಈಗ ಮತ್ತೆ ಓದಿದೆ. ಆ ಹೆಣ್ಣುಮಗಳಿಗೆ ಕೊನೆಯ ಪುಟದಲ್ಲೂ ಏನೂ ಸಿಕ್ಕಿಲ್ಲ. ಸೊಂಟ ಬಗ್ಗಿಸಿ ಮತ್ತೆ ಶುರು ಮಾಡಬೇಕು. ಆದರೂ ಅಪ್ಪನಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. ಅವರ ಮಟ್ಟಿಗೆ ದೇವಕಿ ಬೆಳೆ ಮನೆಗೆ ತಂದಿದ್ದಾಳೆ. ಇರಲಿ ಬಿಡಿ, ಒಂದು ಮನೆಗಾದರೂ ತರಲಿ.”

ಯಾರೂ ನಗಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಮೇಡಂ ಮೂಗೊರೆಸಿಕೊಂಡರು. ಎರಡನೇ ಬಹುಮಾನ ಬಂತು. ಮೊದಲನೆಯದು ಗಜೇಂದ್ರಗಡದ ಸೊಗಸಿಗೆ. ತೀರ್ಪುಗಾರರ ಕಿವಿಯನ್ನು ದವಾಖಾನೆಯಲ್ಲಿ ತೋರಿಸಬೇಕು.

ಮೇಡಂ ನರಗುಂದದಲ್ಲೇ ಉಳಿದರು. ಸಂಜೆ ಬಸ್ಸಿನಲ್ಲಿ ಸೀಟೆಲ್ಲ ತುಂಬಿದ್ದವು. ಸಿಮ್ರಾನ ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಬಹುಮಾನದ ಪುಸ್ತಕಗಳ ಗಂಟು. ನಾನು ಕಂಬಿ ಹಿಡಿದು ನಿಂತೆ. ಅವಳು ನನ್ನನ್ನು ನೋಡಿಯೂ ನೋಡದಂತೆ ಹೊರಗೆ ನೋಡುತ್ತಿದ್ದಳು. ಬಸ್ಸು ಮೂರು ಊರು ದಾಟಿತು. ಬಸ್ಸು ಗುಂಡಿಗೆ ಬಿದ್ದಾಗೆಲ್ಲ ನನ್ನ ತಲೆ ಕಂಬಿಗೆ ಬಡಿಯಿತು. ಸಾರಿಗೆ ಸಂಸ್ಥೆಯೂ ನನ್ನನ್ನು ತಿದ್ದಲು ಹೊರಟಿತ್ತು.

ಕೊನೆಗೆ ಅವಳು ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕೂತೆ. ಇಬ್ಬರೂ ಡ್ರೈವರನ ಬೆನ್ನು ನೋಡುತ್ತಾ ಇನ್ನೊಂದು ಊರು ದಾಟಿದೆವು.

“ಬೊಬ್ಬಿ ಮಾದವೇನ?” ಎಂದಳು. ಜನವರಿ ಹದಿನಾರರಿಂದ ನನ್ನ ಜೊತೆ ಆಡಿದ ಮೊದಲ ಮಾತು.

“ಮಾದಾವ.”

“ತೋರ್ಸ.”

ತೋರಿಸಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ನೋಡಿದ ಹಾಗೆ.

“ಬುಧವಾರ ಕಡ್ಲಿ ಕೀಳೂದೈತಿ. ಕಡ್ಲಿ ಎಲಿ ಮ್ಯಾಲಿನ ಹುಳಿ ಹಸೀ ಗಾಯಕ್ಕ ಬಿತ್ತಂದ್ರ ಜೀವಾ ಹೋಗಿ ಬರತೈತಿ. ಅದಕ್ಕ ಕೇಳಿದೆ.”

“ಎಷ್ಟಕ್ಕ ಬರ್ಲಿ?”

“ಇಬ್ಬನಿ ಇದ್ದಾಗ ಕೀಳಬೇಕ, ಒಣಗಿದ್ರ ಕಾಯಿ ಉದರತಾವ. ಮದಲನೇ ಬಸ್ಸಿಗೆ ಬಾ. ನಿನ್ನ ಸಾಲ ನೀನ ಮುಗಸಬೇಕ, ನಾ ಏನ ಹಿಡಿಯಾಕ ಬರೂದಿಲ್ಲ.”

ಮೊದಲನೇ ಬಸ್ಸು ಐದೂವರೆಗೆ! ಮನುಷ್ಯರು ಏಳುವ ಹೊತ್ತೇ ಅದು? ಆ ಇಬ್ಬನಿ, ಆ ಚಳಿ, ಆ ಎರಡು ಕಿಲೋಮೀಟರು! ಇವರ ಹೊಲದಲ್ಲಿ ಕಡಲೆಗೂ ಕರುಣೆಯಿಲ್ಲ. ಅವ್ವನಿಗೆ ಹೇಳಿದ್ದೇನೆ, ಬುಧವಾರ ನಾಲ್ಕೂವರೆಗೆ ಎಬ್ಬಿಸಲು. ಏಳದಿದ್ದರೆ ನೀರು ಹಾಕಲು.